ಸೆಖೆಯ ಊರಿಗೆ ಹೊಂದುವ ಆಸನ, ಎಣ್ಣೆ, ನಡಿಗೆ

ಯೋಗ ಮತ್ತು ಅಭ್ಯಂಗದ, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದರ ಬಗ್ಗೆ ಕನ್ನಡದಲ್ಲಿ ಸಿಗುವ ಹೆಚ್ಚಿನ ಸಲಹೆಗಳು ಘಟ್ಟದ ಮೇಲಿನ ತಂಪು ಬೆಳಗಿಗೆ ಹೇಳಿ ಮಾಡಿಸಿದಂಥವು. ಬೆಳಿಗ್ಗೆ ಎದ್ದು ಒಂದು ಗಂಟೆ ಆಸನ ಹಾಕಿ, ಮೈತುಂಬ ಎಣ್ಣೆ ಹಚ್ಚಿ, ಮುಕ್ಕಾಲು ಗಂಟೆ ಹಾಗೆಯೇ ಕುಳಿತಿರಿ ಎನ್ನುತ್ತವೆ. ಈ ಸಲಹೆಯನ್ನು ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಬಂದರು ಪ್ರದೇಶದ ಒಂದು ಬಾಡಿಗೆ ಮನೆಯಲ್ಲಿ ಪಾಲಿಸಿ ನೋಡಿ. ನಾಲ್ಕನೆಯ ದಿನಕ್ಕೆ ಚಾಪೆ ಮೂಲೆ ಸೇರಿರುತ್ತದೆ. ತಪ್ಪು ನಿಮ್ಮ ಸೋಮಾರಿತನದ್ದಲ್ಲ, ಸೆಖೆಯದ್ದು. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ನಮ್ಮ ಗಾಳಿಯಲ್ಲಿ ನೀರಿನ ಪಸೆ ಮೊದಲೇ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ದೇಹ ಇನ್ನಷ್ಟು ಬೆವರುತ್ತದೆ, ನೀರು ಮತ್ತು ಉಪ್ಪು ಹೋಗುತ್ತದೆ, ಅರ್ಧ ಗಂಟೆಯೊಳಗೆ ತಲೆ ಭಾರವಾಗುತ್ತದೆ.

ಆದ್ದರಿಂದ ಇಲ್ಲಿಯ ಲೆಕ್ಕ ಬೇರೆ: ಕಡಿಮೆ ಹೊತ್ತು, ಹೆಚ್ಚು ಸಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅದನ್ನು ಒಂದೇ ಪಟ್ಟಿಗೆ ಮುಗಿಸಬೇಕೆಂಬ ನಿಯಮವಿಲ್ಲ. ಬೆಳಿಗ್ಗೆ ಹದಿನೈದು ನಿಮಿಷ, ಹಗಲಿನಲ್ಲಿ ಎರಡು ಮೂರು ನಿಮಿಷಗಳ ತುಣುಕುಗಳು, ಸಂಜೆ ಒಂದು ನಡಿಗೆ, ವಾರಕ್ಕೊಮ್ಮೆ ಎಣ್ಣೆಸ್ನಾನ. ಇಷ್ಟನ್ನು ಮಂಗಳೂರು, ಉಡುಪಿಯ ಹವೆಗೆ ಹೇಗೆ ಜೋಡಿಸಿಕೊಳ್ಳಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ. ಹೃದ್ರೋಗ, ಹಿಡಿತದಲ್ಲಿಲ್ಲದ ರಕ್ತದೊತ್ತಡ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ, ಗ್ಲಾಕೋಮಾ ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕೇಳಿ ಶುರುಮಾಡಿ.

ಮೊದಲು ಹೊತ್ತು, ಆಮೇಲೆ ಜಾಗ

ಇಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 6ರಿಂದ 7 ಗಂಟೆಯ ನಡುವೆ. ಮಾರ್ಚ್‌ನಿಂದ ಮೇ ತನಕ 7ರೊಳಗೆ ಆಸನ ಮುಗಿದಿರಲಿ. ಬೆಳಿಗ್ಗೆ ಮಕ್ಕಳ ಶಾಲೆ, ಬುತ್ತಿಯ ಗಡಿಬಿಡಿ ಇರುವವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಡಬಹುದು. ಊಟವಾಗಿ ಮೂರು ಗಂಟೆ, ಕಾಫಿ ತಿಂಡಿಯಾಗಿ ಒಂದೂವರೆ ಗಂಟೆ ಕಳೆದಿದ್ದರೆ ಸಾಕು. ಬ್ರಾಹ್ಮೀ ಮುಹೂರ್ತದಲ್ಲೇ ಆಗಬೇಕೆಂದು ಹಟ ಹಿಡಿದು, ರಾತ್ರಿ ಯಕ್ಷಗಾನ ನೋಡಿ ಬಂದ ಕಣ್ಣಿನಲ್ಲಿ ನಾಲ್ಕೂವರೆಗೆ ಏಳುವುದರಲ್ಲಿ ನನಗೆ ಯಾವ ಆರೋಗ್ಯವೂ ಕಾಣುವುದಿಲ್ಲ. ನಿದ್ದೆಯೇ ಮೊದಲು.

ನೆಲದ ವಿಷಯ ಮುಖ್ಯ. ಹಳೆಯ ಮನೆಗಳ ಕೆಂಪು ಗಾರೆ ನೆಲ, ಹೊಸ ಫ್ಲ್ಯಾಟುಗಳ ನಯವಾದ ಟೈಲ್ಸ್ ಎರಡೂ ಸೆಖೆಗೆ ಬೆವರಿದಂತೆ ತೇವವಾಗುತ್ತವೆ. ಓಲೆ ಚಾಪೆ ಅದರ ಮೇಲೆ ಜಾರುತ್ತದೆ. ದಪ್ಪ ಜಮಖಾನವಾದರೂ ಸರಿ, ರಬ್ಬರ್ ತಳದ ಮ್ಯಾಟ್ ಆದರೂ ಸರಿ, ಜಾರಬಾರದು. ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ. ಬೆವರು ಹರಿಸಿದಷ್ಟೂ ಲಾಭ ಎಂಬ ಲೆಕ್ಕ ಕರಾವಳಿಗೆ ಸಲ್ಲದು.

ಬೆಳಗಿನ ಹದಿನೈದು ನಿಮಿಷ

ಅಂಗಾತ ಮಲಗಿಯೇ ಆರಂಭಿಸಿ. ಒಂದು ನಿಮಿಷ ಏನೂ ಮಾಡಬೇಡಿ. ಬೆನ್ನಿನ ಯಾವ ಭಾಗ ನೆಲಕ್ಕೆ ತಾಗಿದೆ, ಯಾವುದು ತಾಗಿಲ್ಲ, ಉಸಿರು ಎದೆಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂದು ಗಮನಿಸಿ. ನಿನ್ನೆಗಿಂತ ಸೊಂಟ ಬಿಗಿದಿದೆ ಎಂದು ಗೊತ್ತಾದರೆ ಇಂದಿನ ಆಸನವನ್ನು ಅದಕ್ಕೆ ತಕ್ಕಂತೆ ತಗ್ಗಿಸಬಹುದು. ಈ ಒಂದು ನಿಮಿಷವನ್ನು ಬಿಟ್ಟವರೇ ಮುಂದೆ ಬೆನ್ನು ಹಿಡಿಸಿಕೊಳ್ಳುವುದು.

ಆಮೇಲೆ ಒಂದೊಂದೇ ಮೊಣಕಾಲನ್ನು ಎದೆಯ ಕಡೆಗೆ ತಂದು, ಉಸಿರು ಬಿಡುತ್ತಾ ಅಪ್ಪಿಕೊಳ್ಳಿ. ಎರಡೂ ಕಾಲಿಗೆ ಐದೈದು ಸಲ. ಬಳಿಕ ಮಗ್ಗುಲಾಗಿ ಎದ್ದು, ಕೈ ಮತ್ತು ಮೊಣಕಾಲಿನ ಮೇಲೆ ನಿಂತು ಮಾರ್ಜಾರಿ ಆಸನಕ್ಕೆ ಬನ್ನಿ: ಉಸಿರು ಎಳೆಯುತ್ತಾ ಬೆನ್ನನ್ನು ಕೆಳಗೆ ಬಿಡಿ, ಉಸಿರು ಬಿಡುತ್ತಾ ಮೇಲಕ್ಕೆ ಬಾಗಿಸಿ. ಚಲನೆ ಉಸಿರಿನಷ್ಟೇ ಉದ್ದವಿರಲಿ. ಉಸಿರಿಗಿಂತ ಮೊದಲೇ ಬೆನ್ನು ಓಡಿದರೆ ನೀವು ಅವಸರದಲ್ಲಿದ್ದೀರಿ ಎಂದರ್ಥ. ಮೊಣಕಾಲು ನೋವಿದ್ದರೆ ಕೆಳಗೆ ಮಡಿಚಿದ ಬೈರಾಸು (ಟವೆಲ್) ಇಡಿ, ಅಥವಾ ಇದನ್ನೇ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟು ಮಾಡಿ.

ಈಗ ನಿಂತು ತಾಡಾಸನ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಭಾರ ಹೆಬ್ಬೆರಳ ಬುಡಕ್ಕೂ ಹಿಮ್ಮಡಿಗೂ ಸಮವಾಗಿ ಹಂಚಿರಲಿ. ಕೈ ಮೇಲೆತ್ತಿ ಬೆರಳು ಹೆಣೆದು ಮೂರು ಉಸಿರು ನಿಲ್ಲಿ. ಹಿಮ್ಮಡಿ ಎತ್ತುವುದು ತೋಲ ತಪ್ಪದವರಿಗೆ ಮಾತ್ರ. ಅರುವತ್ತು ದಾಟಿದವರು ಗೋಡೆಗೆ ಬೆನ್ನು ಕೊಟ್ಟು ನಿಂತರೆ ಏನೂ ನಷ್ಟವಿಲ್ಲ.

ಮುಂದಿನದು ಬೆನ್ನನ್ನು ತಿರುಚುವ ಅರ್ಧ ಮತ್ಸ್ಯೇಂದ್ರಾಸನ. ಮಂಗಳೂರಿನವರಿಗೆ ಈ ಹೆಸರು ಪರಕೀಯವಲ್ಲ. ಹಠಯೋಗದ ಮೊದಲ ಗುರುಗಳಲ್ಲಿ ಒಬ್ಬನೆನ್ನುವ, ನಾಥ ಪಂಥದ ಮತ್ಸ್ಯೇಂದ್ರನಾಥನ ಮೂರ್ತಿ ಕದ್ರಿ ದೇವಸ್ಥಾನದಲ್ಲಿದೆ, ಅಲ್ಲೇ ಗುಡ್ಡದ ಮೇಲೆ ಜೋಗಿ ಮಠವಿದೆ. ಅಲ್ಲಿಯ ಲೋಕೇಶ್ವರ ಕಂಚಿನ ಮೂರ್ತಿಯ ಪೀಠದಲ್ಲಿ ಕ್ರಿ.ಶ. 968ರ ಆಳುಪ ಅರಸ ಕುಂದವರ್ಮನ ಶಾಸನವಿದೆ. ಹಠಯೋಗ ನಮ್ಮ ಊರಿಗೆ ನಿನ್ನೆ ಮೊನ್ನೆ ಸ್ಟುಡಿಯೋ ಬಾಗಿಲಿನಿಂದ ಬಂದದ್ದಲ್ಲ. ಆಸನ ಹೀಗೆ: ಕಾಲು ಚಾಚಿ ಕುಳಿತು, ಬಲಗಾಲನ್ನು ಮಡಚಿ ಪಾದವನ್ನು ಎಡ ಮೊಣಕಾಲಿನ ಹೊರಗಿಡಿ. ಬೆನ್ನು ನೆಟ್ಟಗಾದ ಮೇಲೆಯೇ ಬಲಕ್ಕೆ ತಿರುಗಿ. ಮೊದಲು ಹೊಟ್ಟೆ, ಆಮೇಲೆ ಎದೆ, ಕಡೆಗೆ ಕುತ್ತಿಗೆ. ಹೆಚ್ಚಿನವರು ಕುತ್ತಿಗೆಯಿಂದಲೇ ತಿರುಗಿ ಆಸನವಾಯಿತು ಎಂದುಕೊಳ್ಳುತ್ತಾರೆ. ಐದು ಉಸಿರು ನಿಂತು ಇನ್ನೊಂದು ಬದಿಗೆ ಮಾಡಿ. ಡಿಸ್ಕ್ ಜಾರಿದವರಿಗೆ, ಗರ್ಭಿಣಿಯರಿಗೆ ಇದು ಬೇಡ.

ಮತ್ತೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ಊರಿ ಸೊಂಟವನ್ನು ಮೇಲೆತ್ತುವ ಸೇತುಬಂಧಾಸನ ಐದು ಸಲ, ಕೊನೆಗೆ ಶವಾಸನ ಮೂರು ನಿಮಿಷ. ಶವಾಸನದಲ್ಲಿ ಮೊಬೈಲ್ ಕೋಣೆಯ ಹೊರಗಿರಲಿ.

ಸೂರ್ಯನಮಸ್ಕಾರ ಎಲ್ಲಿ ಎಂದು ಕೇಳುವವರಿದ್ದಾರೆ. ರೂಢಿಯಿದ್ದವರು ತಾಡಾಸನದ ಬಳಿಕ ನಾಲ್ಕು ಸುತ್ತು ಮಾಡಿ, ಉಸಿರು ಮೂಗಿನಲ್ಲೇ ಆಡುವಷ್ಟು ನಿಧಾನವಾಗಿ. ರಥಸಪ್ತಮಿಯ ದಿನ ಮೈದಾನದಲ್ಲಿ 108 ಸುತ್ತು ಹಾಕಿ, ಮರುದಿನದಿಂದ ಮುಂದಿನ ರಥಸಪ್ತಮಿಯ ತನಕ ಒಂದೂ ಹಾಕದವರ ಉತ್ಸಾಹಕ್ಕೆ ನನ್ನ ನಮಸ್ಕಾರ ಅಷ್ಟೇ.

ಮುಗಿದ ಮೇಲೆ ಒಂದು ಲೋಟ ಗಂಜಿ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಹೋದ ನೀರು, ಉಪ್ಪು ಎರಡೂ ಮರಳುತ್ತವೆ. ಸೀಯಾಳವೂ ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರಿಗೆ ಬರಿ ನೀರೇ ಸಾಕು. ಆಸನದ ನಡುವೆ ತಲೆ ತಿರುಗಿದರೆ, ವಾಕರಿಕೆ ಬಂದರೆ, ಮೀನಖಂಡ ಹಿಡಿದರೆ ಅಲ್ಲಿಗೇ ನಿಲ್ಲಿಸಿ ತಣ್ಣೀರಿನಲ್ಲಿ ಮುಖ, ಕುತ್ತಿಗೆ ಒರೆಸಿಕೊಳ್ಳಿ.

ಕುಳಿತು ದುಡಿಯುವವರಿಗೆ

ಕುಳಿತು ಮಾಡುವ ಕೆಲಸವೆಂದರೆ ಕಂಪ್ಯೂಟರ್ ಎಂದೇ ಎಲ್ಲರೂ ಬರೆಯುತ್ತಾರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಗಂಟೆಗಟ್ಟಲೆ ತಲೆ ತಗ್ಗಿಸಿ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕ್ ಉದ್ಯೋಗಿಗೂ ಅವರಿಗೂ ನೋಯುವ ಜಾಗ ಒಂದೇ: ಕುತ್ತಿಗೆಯ ಬುಡ, ಹೆಗಲಿನ ಮೂಳೆಗಳ ನಡುವೆ, ಮಣಿಕಟ್ಟು, ಹೆಬ್ಬೆರಳು.

ಮೊದಲ ಕೆಲಸ ಮೊರವನ್ನು ಎತ್ತರಿಸುವುದು. ತೊಡೆಯ ಮೇಲೆ ಗಟ್ಟಿ ದಿಂಬಿಟ್ಟು ಅದರ ಮೇಲೆ ಮೊರ ಇಟ್ಟರೆ ತಲೆ ಬಾಗುವುದು ಕಡಿಮೆಯಾಗುತ್ತದೆ. ಗೋಡೆಗೆ ಒರಗಿ, ಸೊಂಟದ ಹಿಂದೆ ಹಳೆಯ ಸೀರೆಯ ಸುರುಳಿ ಇಡಿ. ಚಕ್ಕಳಮಕ್ಕಳ ಒಂದೇ ಭಂಗಿಯಲ್ಲಿ ಕೂರದೆ ಕಾಲನ್ನು ಆಗಾಗ ಬದಲಿಸಿ.

ಎರಡನೆಯದು ಅರ್ಧ ಗಂಟೆಗೊಮ್ಮೆ ಏಳುವುದು. ಗಡಿಯಾರ ನೋಡುವವರು ಯಾರು? ಟಿವಿ ಧಾರಾವಾಹಿಯಲ್ಲಿ ಜಾಹೀರಾತು ಬಂದಾಗ ಏಳಿ, ಅದು ಸಾಕಷ್ಟು ಸಲ ಬರುತ್ತದೆ. ಎದ್ದು ನಿಂತು ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳಿ, ಯಾರೋ ಬೆರಳಿನಿಂದ ಮೆಲ್ಲನೆ ಹಿಂದಕ್ಕೆ ತಳ್ಳಿದ ಹಾಗೆ. ಐದು ಎಣಿಸಿ ಬಿಡಿ, ಹೀಗೆ ಐದು ಸಲ. ಹೆಗಲನ್ನು ಕಿವಿಯ ತನಕ ಎತ್ತಿ, ಹಿಂದಕ್ಕೆ ತಿರುಗಿಸಿ, ಧೊಪ್ಪನೆ ಬಿಡಿ. ತೋಳನ್ನು ಮುಂದೆ ಚಾಚಿ, ಅಂಗೈ ಮೇಲ್ಮುಖ ಮಾಡಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲನೆ ಕೆಳಕ್ಕೆ ಎಳೆಯಿರಿ. ಕುತ್ತಿಗೆಯನ್ನು ಗರಗರನೆ ಸುತ್ತಿಸಿ ಲಟಿಕೆ ತೆಗೆಯುವುದು ಬೇಡ, ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ.

ಉಡುಪಿ, ಮಂಗಳೂರು ನಡುವೆ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವವರಿಗೂ ಒಂದು ಮಾತು. ಒಂದು ಗಂಟೆಗೂ ಮಿಕ್ಕಿದ ಆ ಪ್ರಯಾಣದಲ್ಲಿ ಸೀಟು ಸಿಕ್ಕಿದರೆ ಪಾದದ ಗಂಟುಗಳನ್ನು ತಿರುಗಿಸುತ್ತಿರಿ. ನಿಂತಿದ್ದರೆ ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ, ಕೈ ಬದಲಿಸಿ ಕಂಬಿ ಹಿಡಿಯಿರಿ. ಉಸಿರನ್ನು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ಪಡುಬಿದ್ರಿಯಿಂದ ಮೂಲ್ಕಿಯ ತನಕ ಇಷ್ಟನ್ನೇ ಮಾಡಿ ನೋಡಿ.

ವಾರಕ್ಕೊಮ್ಮೆ ಎಣ್ಣೆ

ದೀಪಾವಳಿಯ ಹಿಂದಿನ ಸಂಜೆ ಬಚ್ಚಲಿನ ಹಂಡೆ ತೊಳೆದು, ಹೂ ಬಳ್ಳಿ ಸುತ್ತಿ ನೀರು ತುಂಬಿಸುವ ಸಂಪ್ರದಾಯ ತುಳುನಾಡಿನಲ್ಲಿ ಇನ್ನೂ ಉಳಿದಿದೆ. ನರಕ ಚತುರ್ದಶಿಯ ನಸುಕಿಗೆ ಎಣ್ಣೆ ಹಚ್ಚಿಸಿಕೊಂಡು, ತೆಂಗಿನ ಮಡಲು ಕೊತ್ತಳಿಗೆ ಉರಿಸಿ ಕಾಯಿಸಿದ ನೀರನ್ನು ಮೀಯುವ ಆ ಒಂದು ದಿನ ಬಿಟ್ಟರೆ, ವರ್ಷದ ಉಳಿದ ದಿನ ನಾವು ಎಣ್ಣೆಯನ್ನು ಬಾಣಂತಿಗೂ ಮಗುವಿಗೂ ಬಿಟ್ಟುಕೊಟ್ಟಿದ್ದೇವೆ. ಆಯುರ್ವೇದದ ಹಳೆಯ ಗ್ರಂಥಗಳು ದಿನವೂ ಅಭ್ಯಂಗ ಮಾಡಬೇಕೆನ್ನುತ್ತವೆ. ಅವೇ ಗ್ರಂಥಗಳು ಕಫ ಕಟ್ಟಿದವರಿಗೆ, ಅಜೀರ್ಣವಾದವರಿಗೆ ಬೇಡ ಎಂದೂ ಹೇಳುತ್ತವೆ. ನಮ್ಮ ಸೆಖೆಗೆ ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಸಾಕು ಎಂಬುದು ನನ್ನ ಅಭಿಪ್ರಾಯ.

ಯಾವ ಎಣ್ಣೆ? ಗಾಣದ ತೆಂಗಿನೆಣ್ಣೆ ಇಲ್ಲಿ ಸುಲಭವಾಗಿ ಸಿಗುತ್ತದೆ, ಬೇಸಿಗೆಗೆ ಹಗುರ. ಎಳ್ಳೆಣ್ಣೆ ದಪ್ಪ, ಬಿಸಿ ಗುಣದ್ದೆಂದು ಹೇಳುತ್ತಾರೆ, ಮಳೆಗಾಲಕ್ಕೆ ಹಿತ. ಔಷಧಿ ಹಾಕಿ ಕಾಯಿಸಿದ ತೈಲಗಳನ್ನು ವೈದ್ಯರು ಹೇಳಿದರೆ ಮಾತ್ರ ಬಳಸಿ. ಹೊಸ ಎಣ್ಣೆಯಾದರೆ ಹಿಂದಿನ ದಿನ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದೆಯೇ ನೋಡಿ.

ಒಬ್ಬರಿಗೆ ಮೂರು ನಾಲ್ಕು ದೊಡ್ಡ ಚಮಚ ಎಣ್ಣೆ ಸಾಕು. ಅದನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಡಿ. ನೇರವಾಗಿ ಒಲೆಯ ಮೇಲಿಟ್ಟರೆ ಎಷ್ಟು ಕಾದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಮೈ ಸುಡುತ್ತದೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಶುರುಮಾಡಿ.

ಬಚ್ಚಲಲ್ಲಿ ಮಣೆಯ ಮೇಲೋ ಪ್ಲಾಸ್ಟಿಕ್ ಸ್ಟೂಲಿನ ಮೇಲೋ ಕುಳಿತುಕೊಳ್ಳಿ, ನಿಲ್ಲಬೇಡಿ. ತೋಳು, ತೊಡೆ, ಮೀನಖಂಡಗಳಂಥ ಉದ್ದ ಭಾಗಗಳಿಗೆ ಉದ್ದಕ್ಕೆ ನೀವಬೇಕು, ಕೈಕಾಲಿನ ತುದಿಯಿಂದ ಎದೆಯ ಕಡೆಗೆ ಸ್ವಲ್ಪ ಒತ್ತಿ, ಮರಳುವಾಗ ಹಗುರವಾಗಿ. ಮೊಣಕಾಲು, ಮೊಣಕೈ, ಹೆಗಲಿನಂಥ ಗಂಟುಗಳಿಗೆ ವೃತ್ತಾಕಾರ. ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ನೀವಿ, ದೊಡ್ಡ ಕರುಳು ಸಾಗುವುದೂ ಅದೇ ದಿಕ್ಕಿಗೆ. ಬೆನ್ನಿಗೆ ಕೈ ತಲುಪದಿದ್ದರೆ ಮನೆಯವರನ್ನು ಕರೆಯಿರಿ. ಅತ್ತೆಯ ಬೆನ್ನಿಗೆ ಸೊಸೆ, ಸೊಸೆಯ ಬೆನ್ನಿಗೆ ಅತ್ತೆ ಎಣ್ಣೆ ಹಚ್ಚುವ ಮನೆಗಳಲ್ಲಿ ಮಾತುಕತೆಯೂ ಸಲೀಸಾಗಿರುವುದನ್ನು ನೋಡಿದ್ದೇನೆ. ಬೆನ್ನುಮೂಳೆಯ ಮೇಲೆ ನೇರ ಒತ್ತದೆ ಅದರ ಎರಡು ಬದಿಯ ಮಾಂಸಖಂಡಗಳನ್ನಷ್ಟೇ ಒತ್ತಬೇಕು. ತಲೆಗೆ ಬೆರಳ ತುದಿಯಿಂದ. ಕಿವಿಗೆ ಎಣ್ಣೆ ಹೊಯ್ಯುವ ಪದ್ಧತಿಯನ್ನು ಬಿಟ್ಟುಬಿಡಿ, ಕಿವಿಯ ತಮಟೆ ತೂತಾಗಿದ್ದವರಿಗೆ ಅದು ಸೋಂಕು ತರುತ್ತದೆ. ಕಿವಿಯ ಹೊರಗಿನ ಹಾಲೆಯನ್ನು ನೀವಿದರೆ ಸಾಕು. ಪಾದಗಳಿಗೆ ಕಟ್ಟಕಡೆಗೆ, ಏಕೆಂದರೆ ಆಮೇಲೆ ನೀವು ಏಳುವಂತಿಲ್ಲ.

ಒಟ್ಟು ಹದಿನೈದು ನಿಮಿಷ ನೀವಿ. ಬೇಸಿಗೆಯಲ್ಲಿ ಹತ್ತು ನಿಮಿಷ, ಮಳೆಗಾಲದಲ್ಲಿ ಇಪ್ಪತ್ತು ನಿಮಿಷ ನೆನೆದರೆ ಸಾಕು. ಗಂಟೆಗಟ್ಟಲೆ ಎಣ್ಣೆಯಲ್ಲಿದ್ದರೆ ನಮ್ಮ ಹವೆಯಲ್ಲಿ ಬೆವರುಸಾಲೆ ಏಳುತ್ತದೆ. ಮೈಗೆ ಹದ ಬಿಸಿನೀರು, ತಲೆಗೆ ಉಗುರುಬೆಚ್ಚಗಿನ ನೀರು. ಎಣ್ಣೆ ತೆಗೆಯಲು ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ಕೂದಲಿಗೆ ಸೀಗೆಪುಡಿ ಇಲ್ಲವೇ ದಾಸವಾಳದ ಎಲೆ ಹಿಚುಕಿದ ಲೋಳೆ. ಮಿಂದ ಬಳಿಕ ಕಂಕುಳು, ತೊಡೆಸಂದು, ಕಾಲ್ಬೆರಳ ನಡುವೆ ಪಸೆ ಉಳಿಯದಂತೆ ಒರೆಸಿಕೊಳ್ಳಿ. ಕರಾವಳಿಯಲ್ಲಿ ಹುಳುಕಡ್ಡಿ ಹಬ್ಬುವುದು ಈ ಸಂದುಗಳಲ್ಲೇ. ಅದು ಆಗಲೇ ಇದ್ದರೆ ಗುಣವಾಗುವ ತನಕ ಎಣ್ಣೆ ಬೇಡ, ಚರ್ಮ ವೈದ್ಯರಿಗೆ ತೋರಿಸಿ. ಬಚ್ಚಲ ನೆಲಕ್ಕೆ ಕೂಡಲೇ ಸಾಬೂನು ಹಾಕಿ ಉಜ್ಜಿ. ನಿಮ್ಮ ಬಳಿಕ ಮೀಯಲು ಹೋಗುವ ಅಜ್ಜಿಯ ಸೊಂಟದ ಮೂಳೆ ಉಳಿಯಬೇಕಲ್ಲ.

ಎಣ್ಣೆ ನೀವಿದರೆ ಚರ್ಮದ ಒಣಕಲು ಹೋಗುತ್ತದೆ, ಬಿಗಿದ ಮಾಂಸಖಂಡ ಸಡಿಲುತ್ತದೆ, ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಬೊಜ್ಜು ಕರಗುತ್ತದೆ, ವಿಷವೆಲ್ಲ ಹೊರಬರುತ್ತದೆ ಎಂಬ ಮಾತುಗಳನ್ನು ನಾನು ನಂಬುವುದಿಲ್ಲ.

ಮರಳಿನ ಮೇಲೆ, ರಥಬೀದಿಯಲ್ಲಿ

ಮಲ್ಪೆ, ಕಾಪು, ಪಣಂಬೂರು, ತಣ್ಣೀರುಬಾವಿ, ಸುರತ್ಕಲ್ ಇಷ್ಟು ಕಡಲತೀರಗಳಿದ್ದೂ ಟ್ರೆಡ್‌ಮಿಲ್‌ಗೆ ಹಣ ಕಟ್ಟುವವರನ್ನು ಕಂಡರೆ ಅಚ್ಚರಿಯಾಗುತ್ತದೆ. ಮರಳಿನ ಮೇಲೆ ನಡೆಯುವಾಗ ಎರಡು ವಿಷಯ ನೆನಪಿಡಿ. ಒಣ ಮರಳು ಹಿಮ್ಮಡಿಯನ್ನು, ಮೀನಖಂಡವನ್ನು ದಣಿಸುತ್ತದೆ, ಆದ್ದರಿಂದ ಮೊದಮೊದಲು ನೀರು ಇಳಿದ ಜಾಗದ ಗಟ್ಟಿ ಒದ್ದೆ ಮರಳನ್ನೇ ಆರಿಸಿಕೊಳ್ಳಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ಹಾಗಾಗಿ ನಿನ್ನೆ ಇದ್ದ ದಾರಿ ವಾರದ ಬಳಿಕ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಎರಡನೆಯದಾಗಿ, ತೀರ ಕಡಲ ಕಡೆಗೆ ಇಳಿಜಾರಾಗಿರುತ್ತದೆ. ಒಂದೇ ದಿಕ್ಕಿಗೆ ನಡೆದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿದ್ದು ಸೊಂಟ ನೋಯುತ್ತದೆ. ಹೋದಷ್ಟೇ ದೂರ ಅದೇ ಸಾಲಿನಲ್ಲಿ ಹಿಂದಿರುಗಿ.

ಗಮನವಿಟ್ಟು ನಡೆಯುವುದೆಂದರೆ ಕಣ್ಣು ಮುಚ್ಚಿ ಧ್ಯಾನಿಸುವುದಲ್ಲ. ಮೊದಲ ಐದು ನಿಮಿಷ ಹಿಮ್ಮಡಿ ಊರಿ ಬೆರಳು ಬಿಡುವ ತನಕ ಪಾದದ ಸ್ಪರ್ಶವನ್ನು ಅನುಸರಿಸಿ. ಮುಂದಿನ ಐದು ನಿಮಿಷ ಅಲೆಯ ಸದ್ದು. ಬಳಿಕ ಗೆಳೆಯರ ಜೊತೆ ಹರಟುತ್ತಲೇ ನಡೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರು ಬರಿಗಾಲಿನಲ್ಲಿ ಮರಳಿಗೆ ಇಳಿಯಬಾರದು. ಒಡೆದ ಬಾಟಲಿ, ಮೀನುಬಲೆಯ ತುಂಡು ಚುಚ್ಚಿದ್ದೂ ಅವರಿಗೆ ತಿಳಿಯುವುದಿಲ್ಲ.

ಉಡುಪಿಯಲ್ಲಿ ಸಮತಟ್ಟು ಬೇಕಾದವರಿಗೆ ಬೆಳಗಿನ ರಥಬೀದಿಗಿಂತ ಒಳ್ಳೆಯ ಜಾಗವಿಲ್ಲ. ಮಂಗಳೂರಿನಲ್ಲಿ ಕದ್ರಿ ಪಾರ್ಕ್ ಇದೆ. ಏರು ಹತ್ತಬಲ್ಲವರಿಗೆ ಕದ್ರಿ ಗುಡ್ಡ, ಮಣಿಪಾಲದ ರಸ್ತೆಗಳಿವೆ. ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಪೆಟ್ಟು, ಹೆಜ್ಜೆ ಚಿಕ್ಕದಾಗಿರಲಿ.

ಮಳೆ ಹಿಡಿದ ಮೇಲೆ

ಜೂನ್‌ನಿಂದ ಕಡಲತೀರ ಮರೆತುಬಿಡಿ. ಯಾಂತ್ರಿಕ ದೋಣಿಗಳೇ ಜೂನ್, ಜುಲೈ ಎರಡು ತಿಂಗಳು ದಡದಲ್ಲಿರುತ್ತವೆ. ಉದ್ದ ಜಗಲಿಯಿದ್ದವರು ಅಲ್ಲೇ ನಡೆಯಿರಿ. ಮ್ಯಾಟನ್ನು ಒದ್ದೆಯಾಗಿ ಸುತ್ತಿಟ್ಟರೆ ಮೂರು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಸಾಬೂನು ನೀರಿನಲ್ಲಿ ಒರೆಸಿ ಗಾಳಿಗೆ ನೇತುಹಾಕಿ.

ಈ ಕಾಲದಲ್ಲಿ ಮೈಕೈ ನೋವೆಂದು ಎಣ್ಣೆಗೆ ಕೈ ಹಾಕುವ ಮೊದಲು ಜ್ವರ ನೋಡಿಕೊಳ್ಳಿ. ಜ್ವರದ ಜೊತೆ ಬಂದ ಮೈಕೈ ನೋವು ಡೆಂಗ್ಯೂ, ಮಲೇರಿಯಾ, ಇಲಿಜ್ವರ ಯಾವುದೂ ಆಗಿರಬಹುದು. ಅದಕ್ಕೆ ರಕ್ತ ಪರೀಕ್ಷೆ ಬೇಕು, ಮಾಲಿಶ್ ಅಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೂ ಹಾಗೆಯೇ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ನೀವುವುದು ಅಪಾಯ. ಬಿದ್ದು ಊದಿಕೊಂಡದ್ದನ್ನು ಎಕ್ಸ್‌ರೇ ತೆಗೆಸದೆ ಎಳೆಸಿಕೊಳ್ಳಬೇಡಿ, ಎಳೆಯುವ ಕೈ ಎಷ್ಟೇ ಹೆಸರುವಾಸಿಯಾಗಿರಲಿ. ಸೊಂಟದಿಂದ ಕಾಲಿಗೆ ಇಳಿಯುವ ನೋವಿನ ಜೊತೆ ಪಾದ ಜೋಮು ಹಿಡಿದರೆ, ಎದೆಯಲ್ಲಿ ಬಿಗಿತವಾದರೆ ಆಸನ ಬಿಟ್ಟು ಆಸ್ಪತ್ರೆಗೆ ಹೊರಡಿ.

ಹಣ ಕೊಟ್ಟು ಮಾಡಿಸಿಕೊಳ್ಳುವುದಾದರೆ

ಉಡುಪಿಯ ಕುತ್ಪಾಡಿಯಲ್ಲಿ 1958ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆಯಿದೆ. ಪ್ರಕೃತಿ ಚಿಕಿತ್ಸೆಗೆ ಪರೀಕದಲ್ಲಿ ಸೌಖ್ಯವನವಿದೆ. ಯೋಗವನ್ನು ಪಠ್ಯವಾಗಿ ಕಲಿಯುವವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ವಿಭಾಗವೇ ಇದೆ. ಇವಲ್ಲದೆ ಹೆದ್ದಾರಿಯುದ್ದಕ್ಕೂ ಮಸಾಜ್ ಕೇಂದ್ರಗಳ ಬೋರ್ಡುಗಳು ಸಾಲುಸಾಲಾಗಿವೆ. ಎಲ್ಲಿಗೆ ಹೋದರೂ ಇಷ್ಟನ್ನು ಕೇಳಿ: ಮೊದಲು ನೋಡುವ ವೈದ್ಯರು ಆಯುರ್ವೇದ ಪದವಿ ಪಡೆದು ನೋಂದಣಿ ಮಾಡಿಸಿಕೊಂಡವರೇ? ನನ್ನ ರಕ್ತದೊತ್ತಡ, ಮಾತ್ರೆಗಳು, ಹಳೆಯ ಕಾಯಿಲೆ ಕೇಳಿ ಬರೆದುಕೊಳ್ಳುತ್ತಾರೆಯೇ? ಯಾವ ತೈಲ, ಅದರಲ್ಲಿ ಏನಿದೆ? ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಮಾಡುತ್ತಾರೆಯೇ? ಒಬ್ಬರಿಗೆ ಹಾಸಿದ ಬಟ್ಟೆಯನ್ನು ಇನ್ನೊಬ್ಬರಿಗೆ ಹಾಸುತ್ತಾರೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ನೋವಾದರೆ ಸಾಕು ಎಂದು ಬಾಯಿಬಿಟ್ಟು ಹೇಳಿ, ಹಲ್ಲು ಕಚ್ಚಿ ಸಹಿಸಿಕೊಂಡರೆ ಗುಣ ಹೆಚ್ಚುವುದಿಲ್ಲ. ಮೊದಲ ದಿನವೇ ಹದಿನಾಲ್ಕು ದಿನಗಳ ಪ್ಯಾಕೇಜಿಗೆ ಹಣ ಕಟ್ಟಬೇಡಿ. ಒಂದು ದಿನದ್ದು ಕೊಟ್ಟು, ಎರಡು ದಿನ ಮೈ ಹೇಗಿದೆ ನೋಡಿ, ಆಮೇಲೆ ಮುಂದಿನದ್ದನ್ನು ಮಾತನಾಡಿ.